ನಾನು ಹೊಡೆದುಹಾಕಿಸಿದ ಸಾಲು

ಅಕ್ಕಾ,

ನಿನ್ನ ತಂಗಿಯ ನಮಸ್ಕಾರ. ಯಾವ ತಂಗಿ ಎಂದು ಕಾರ್ಡು ತಿರುಗಿಸಿ ನೋಡಬೇಡ. ಒಂಬತ್ತು ವರ್ಷದ ಹಿಂದೆ ಮನೆ ಬಿಟ್ಟ ನಿನ್ನ ತಮ್ಮನದೇ ಕೈಬರಹ ಇದು. ಇಲ್ಲಿ ಹೆಣ್ಣಾಗಿಯೇ ಬದುಕುತ್ತಿದ್ದೇನೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ.

ನನ್ನಂಥವರ ಬಗ್ಗೆ ಸಂಶೋಧನೆ ಮಾಡುವ ವಿಶ್ವವಿದ್ಯಾಲಯದ ಮೇಡಂ ಒಬ್ಬರು ನಿನ್ನೆ ಇಸ್ತ್ರಿ ಮೇಜಿನ ಪಕ್ಕ ಕೂತು, ನನ್ನ ಬಗ್ಗೆ ಬರೆದದ್ದನ್ನು ನನಗೇ ಓದಿ ಹೇಳಿದರು. ನಾನು ಒಪ್ಪದೆ ಅಚ್ಚಿಗೆ ಕೊಡುವಂತಿಲ್ಲವಂತೆ. ಒಂದೇ ಪುಟದಲ್ಲಿ ಮೂರು ಸಲ ‘ಕಪ್ಪು ಬಣ್ಣದವಳು’ ಎಂದಿತ್ತು.

“ಒಂದು ಸಲ ಸಾಕು ಮೇಡಂ, ನಾನೇನು ಗಳಿಗೆಗೊಂದು ಸಲ ಕಪ್ಪಾಗ್ತೀನಾ?” ಎಂದೆ. ಅವರು ನಾಚಿಕೊಂಡು ಎರಡನ್ನು ಹೊಡೆದುಹಾಕಿದರು. ನೀನು ನನ್ನನ್ನು ‘ಕರಿ ಇರುವೆ’ ಎಂದು ಕೂಗುತ್ತಿದ್ದುದು ನೆನಪಾಯಿತು.

ಆಮೇಲಿನ ಸಾಲು: ‘ಮನೆಯವರು ಕೈಬಿಟ್ಟವಳು, ತನ್ನವರೆಂಬುವರು ಯಾರೂ ಇಲ್ಲ.’ ಹಾಗೆಂದು ನಾನು ಹೇಳಿರಲೇ ಇಲ್ಲ.

“ಅದನ್ನ ತೆಗೀರಿ. ನನಗೆ ಅಕ್ಕ ಇದ್ದಾಳೆ.”

“ಮಾತುಕತೆ ಇದೆಯಾ?”

“ಇದೆ. ಕಾಗದ ಬರೀತಾಳೆ.”

ಅವರು ಆ ಸಾಲು ಹೊಡೆದು, ಪಕ್ಕದಲ್ಲಿ ‘ಅಕ್ಕ ಕಾಗದ ಬರೆಯುತ್ತಾಳೆ’ ಎಂದು ಸೇರಿಸಿಕೊಂಡರು.

ನಾನು ಆರೋಗ್ಯವಾಗಿದ್ದೇನೆ, ಬಟ್ಟೆ ಒಗೆಯುವ ಸೋಡಾ ನೀರಿಗೆ ಬೆರಳುಗಳು ಬಿರಿದಿವೆ, ಅಷ್ಟೇ. ಜಾಗ ಮುಗಿಯುತ್ತಾ ಬಂತು, ವಿಳಾಸ ಮೂಲೆಯಲ್ಲಿದೆ. ಮುಂದಿನ ತಿಂಗಳು ಪುಸ್ತಕ ಅಚ್ಚಾಗುತ್ತದಂತೆ. ಅಷ್ಟರೊಳಗೆ ಎರಡು ಸಾಲು ಬರೆದುಬಿಡು ಅಕ್ಕಾ. ಪುಸ್ತಕದಲ್ಲಿ ಸುಳ್ಳು ಇರಬಾರದು.

ನಿನ್ನ
ಕರಿ ಇರುವೆ