ಅಪ್ಪನ ಎತ್ತರದ ದಾರ

ಮರ್ಫಿ ಟೌನ್
ಏಪ್ರಿಲ್ 9, ಬುಧವಾರ

ಚಿರಂಜೀವಿ ಹಂಸಳಿಗೆ ನಿನ್ನ ಅತ್ತೆ ರಾಮಲಕ್ಷ್ಮಮ್ಮ ಮಾಡುವ ಆಶೀರ್ವಾದಗಳು.

ನೀನು ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ಬರೆದ ಕಾಗದಗಳಲ್ಲಿ ಚಿರಂಜೀವಿಯ ಪಕ್ಕಕ್ಕೆ ಸೌಭಾಗ್ಯವತಿ ಎಂದೂ ಸೇರಿಸುತ್ತಿದ್ದೆ. ಇವತ್ತು ಅಲ್ಲಿಗೆ ಬಂದಾಗ ಪೆನ್ನು ನಿಂತಿತು. ತಪ್ಪು ತಿಳಿಯಬೇಡ ತಾಯಿ. ಚಿರಂಜೀವಿಯಾಗಿರು, ಅಷ್ಟು ಸಾಕು.

ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಮತ್ತೇಕೆ ಕಾಗದ ಎಂದುಕೊಳ್ಳುತ್ತೀಯ. ಫೋನಿನಲ್ಲಿ ನನಗೆ ಊಟ ಆಯ್ತಾ, ಅಲ್ಲೂ ಬಿಸಿಲು ಜಾಸ್ತಿನಾ ಎನ್ನುವುದರ ಆಚೆಗೆ ಮಾತು ಬರುವುದಿಲ್ಲ. ಸುನಿಲ ಹೋದಮೇಲೆ ದಿನಕ್ಕೆ ನಾಲ್ಕು ಸಾಲು ಡೈರಿಯಲ್ಲಿ ಬರೆಯುವುದು ರೂಢಿಯಾಗಿದೆ. ಏಳನೇ ಕ್ಲಾಸಿನ ಕನ್ನಡ ಅಷ್ಟಕ್ಕೆ ಸಾಕಾಗುತ್ತದೆ. ಆ ಡೈರಿ ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಾನು ಒಪ್ಪಿಕೊಳ್ಳಬೇಕಾದ ತಪ್ಪೊಂದಿದೆ, ಆಮೇಲೆ ಒಂದು ಹೆಮ್ಮೆಯ ಸುದ್ದಿ.

ತಪ್ಪು ಇದು. ಅನುಕಂಪದ ಮೇಲೆ ಸಿಕ್ಕ ಸುನಿಲನ ಕೆಲಸಕ್ಕೆ ನೀನು ಸೇರಿ ಧಾರವಾಡಕ್ಕೆ ತರಬೇತಿಗೆ ಹೋದ ಮುಂದಿನ ವಾರವೇ ಶಾಲೆಯಿಂದ ಕರೆ ಬಂದಿತ್ತು. ಶಕೀಲಾ ಮಿಸ್ಸು ನನ್ನನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದರು. ನಿಮ್ಮ ಮೊಮ್ಮಗಳು ಪದ್ಮಶ್ರೀ ತರಗತಿಯಲ್ಲಿ ಒಂದೂವರೆ ವರ್ಷದಿಂದ ಬಾಯಿ ಬಿಟ್ಟಿಲ್ಲ, ಹಾಜರಿ ಕೂಗಿದರೂ ಕೈ ಮಾತ್ರ ಎತ್ತುತ್ತಾಳೆ. ಬರೆಯುವುದು ಬರುತ್ತದೋ ಇಲ್ಲವೋ ತಿಳಿಯುತ್ತಿಲ್ಲ. ಮನೆಯವರು ಒಪ್ಪಿದರೆ ಇನ್ನೊಂದು ವರ್ಷ ಎರಡನೇ ತರಗತಿಯಲ್ಲೇ ಕೂರಲಿ ಎಂದು ಒಂದು ಕಾಗದ ಕೊಟ್ಟರು. ತಾಯಿಯ ಸಹಿ ಬೇಕು ಎಂದರು.

ಅದನ್ನು ನಿನಗೆ ಹೇಳಲಿಲ್ಲ. ಅಕ್ಕಿ ಡಬ್ಬದ ಕೆಳಗಿಟ್ಟೆ. ಹೊಸ ಊರು, ಹೊಸ ಕೆಲಸ, ನಿನ್ನ ಎದೆಯ ಮೇಲೆ ಇದನ್ನೂ ಹೇಗೆ ಹಾಕಲಿ? ಮಿಸ್ಸಿಗೂ ತಾಯಿ ಯೋಚನೆ ಮಾಡುತ್ತಿದ್ದಾಳೆ ಎಂದು ಸುಳ್ಳು ಹೇಳಿದೆ.

ಮಾರ್ಚಿನಲ್ಲಿ ಎಲ್ಲ ಮಕ್ಕಳಿಗೂ ಒಂದು ಹಳದಿ ಹಾಳೆ ಕೊಟ್ಟರು. ಬೇಸಿಗೆ ರಜೆಗೆ ಮೊದಲು ಮನೆಯಲ್ಲಿ ಮಾಡುವ ಚಟುವಟಿಕೆಗಳು. ಕೊನೆಯ ದಿನ ಪ್ರತಿ ಮಗುವೂ ಅದರಲ್ಲಿ ಒಂದನ್ನು ಎದ್ದು ನಿಂತು ಹೇಳಬೇಕು. ಅವತ್ತು ಪದ್ಮಶ್ರೀ ನಾಲ್ಕು ಮಾತಾಡಿದರೂ ಸಾಕಮ್ಮಾ, ಆ ಕಾಗದದ ವಿಷಯ ಬಿಡೋಣ, ಎಂದರು ಮಿಸ್ಸು.

ನಮ್ಮ ಮನೆಯೇ ಶಾಲೆಯಾಯಿತು. ಅಲಸಂದೆ, ಕಡಲೆ, ಅವರೆ ಕಲೆಸಿಟ್ಟು ಬೇರೆ ಮಾಡಿ ಹತ್ತತ್ತರ ಗುಡ್ಡೆ ಹಾಕಿದೆವು. ತೆಂಗಿನ ಚಿಪ್ಪಿನಲ್ಲಿ ಮೆಂತ್ಯ ಹಾಕಿ ದಿನಾ ಅದರ ಚಿತ್ರ ಬರೆದಳು. ಹಲಸೂರು ಮಾರ್ಕೆಟ್ಟಿಗೆ ಹೋಗುವಾಗ ಅಂಗಡಿ ಬೋರ್ಡು ಓದಬೇಕು ಎಂದಿತ್ತು. ಬಾಯಲ್ಲೇ ಗುನುಗುತ್ತಾ ಬರುತ್ತಿದ್ದಳು. ಒಂದು ಅಂಗಡಿಯ ಮುಂದೆ ನಿಂತು, “ಅಜ್ಜಿ, ಇವ್ರು ಬೋರ್ಡಲ್ಲಿ ಒತ್ತಕ್ಷರ ತಿಂದ್ಬಿಟ್ಟಿದಾರೆ” ಎಂದಳು. ನೋಡಿದೆ. ನಿಜವಾಗಿಯೂ ತಿಂದಿದ್ದರು! ಓದು ಬರುವುದಿಲ್ಲ ಎಂದು ಯಾರು ಹೇಳಿದ್ದು ಎಂದುಕೊಂಡೆ.

ಒಂಬತ್ತನೆಯದು ದಾರದ ಚಟುವಟಿಕೆ. ಮನೆಯವರೆಲ್ಲರ ಎತ್ತರಕ್ಕೆ ಉಲ್ಲನ್ ದಾರ ಕತ್ತರಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಒಂದು ಕೋಲಿಗೆ ಕಟ್ಟಿಕೊಂಡು ಬರಬೇಕು. ಯುಗಾದಿಗೆ ಬಂದಾಗ ನಿನ್ನನ್ನು ಗೋಡೆಗೆ ನಿಲ್ಲಿಸಿ ಹಸಿರು ದಾರ ಹಿಡಿದಳಲ್ಲ, ಅದು ಇದಕ್ಕೇ. ಅವಳದು ಹಳದಿ, ನನ್ನದು ಕೆಂಪು. ಮೂರನ್ನೂ ಕಟ್ಟಿ ಮುಗಿಸಿದೆ ಎಂದುಕೊಂಡರೆ ನೀಲಿ ಉಂಡೆ ತೆಗೆದು ನನ್ನ ಮುಂದೆ ಕೂತಳು.

“ಅಪ್ಪಂದು?”

ನಾನು ಮಿಕ್ಕ ದಾರಗಳನ್ನು ಎತ್ತಿಡತೊಡಗಿದೆ.

“ಎಲ್ಲರದ್ದೂ ಅಂತ ಬರ್ದಿದೆ ಅಜ್ಜಿ.”

ಅವನ ಎತ್ತರ ನನಗೆ ಗೊತ್ತಿಲ್ಲ ಮಗಾ ಎಂದೆ. ಅವಳು ಸ್ಟೂಲು ಹತ್ತಿ ಗೋಡೆಯ ಫೋಟೋದ ಮೇಲೆ ದಾರ ಹಿಡಿದು ನೋಡಿದಳು. ಫೋಟೋ ಎದೆಯವರೆಗೆ ಮಾತ್ರ. ಇಳಿದು ಬಂದು ದಾರ ಸುತ್ತಿಟ್ಟಳು. ಅವನ ಬಟ್ಟೆಗಳನ್ನೆಲ್ಲ ಹನ್ನೊಂದನೇ ದಿನವೇ ಕೊಟ್ಟುಬಿಟ್ಟಿದ್ದೆವು. ಒಂದು ಅಂಗಿಯನ್ನಾದರೂ ಇಟ್ಟುಕೊಳ್ಳಬೇಕಿತ್ತು ಎಂದು ಅವತ್ತು ಡೈರಿಯಲ್ಲಿ ಬರೆದಿದ್ದೇನೆ.

ಮೂರನೇ ತಾರೀಖು ಅವಳ ಯೂನಿಫಾರ್ಮಿಗೆ ಅಳತೆ ಕೊಡಲು ಶಿವಾಜಿನಗರಕ್ಕೆ ಹೋದೆವು. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯ ಇನಾಯತ್ ಉಲ್ಲಾ ನಿನಗೆ ಗೊತ್ತಲ್ಲ. ಸುನಿಲನ ಶಾಲೆಯ ಚಡ್ಡಿಯಿಂದ ಮದುವೆಯ ಸೂಟಿನವರೆಗೆ ಹೊಲಿದವರು. ರಂಜಾನ್ ಹೊಲಿಗೆ ಮುಗಿದು ಅಂಗಡಿ ಸುಮ್ಮನಿತ್ತು. ಮಗುವಿನ ಅಳತೆ ತೆಗೆದು ಬುಕ್ಕಿನಲ್ಲಿ ಹೆಸರಿನ ಸಮೇತ ಬರೆದುಕೊಳ್ಳುತ್ತಿದ್ದರು. ಇವಳು ಬಗ್ಗಿ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು: “ಇದ್ರಲ್ಲಿ ನಮ್ಮಪ್ಪಂದೂ ಇದ್ಯಾ?”

ಹಂಸಾ, ನೀನೂ ನಾನೂ ಬಿಟ್ಟರೆ ಒಂದೂವರೆ ವರ್ಷದಲ್ಲಿ ಅವಳು ಹೊರಗಿನವರೊಬ್ಬರ ಹತ್ತಿರ ಆಡಿದ ಮೊದಲ ಮಾತು ಅದು.

ಇನಾಯತ್ ಉಲ್ಲಾ ಕನ್ನಡಕ ತೆಗೆದು ಒರೆಸಿಕೊಂಡರು. “ಯಾಕಿಲ್ಲ ಬೇಟಾ? ನನ್ ಹತ್ರ ಬಂದೋರ್ ಯಾರೂ ಬುಕ್ಕಿಂದ ಆಚೆ ಹೋಗಲ್ಲ” ಎಂದು ಅಟ್ಟದಿಂದ ಹಳೆಯ ಬುಕ್ಕು ಇಳಿಸಿ ಧೂಳು ಕೊಡವಿದರು. ಸುನಿಲ್, ಮರ್ಫಿ ಟೌನ್. ಶರ್ಟಿನ ಉದ್ದ ಇಪ್ಪತ್ತೊಂಬತ್ತು ಇಂಚು, ಪ್ಯಾಂಟಿನದು ನಲವತ್ತೊಂದು. ಅಲ್ಲೇ ಟೇಪು ಹಿಡಿದು ಎರಡು ತುಂಡು ನೀಲಿ ದಾರ ಕತ್ತರಿಸಿಕೊಟ್ಟರು.

ಮನೆಗೆ ಬಂದು ಎರಡನ್ನೂ ಗಂಟು ಹಾಕಿ ಬಾಗಿಲಿಗೆ ಹಿಡಿಯಲು ಹೇಳಿದಳು. ಹಿಡಿದೆ. ಮೇಲಿನ ಚೌಕಟ್ಟಿಗೆ ಒಂದು ಅಂಗೈಯಷ್ಟೇ ಬಾಕಿ. ಅವಳ ಮುಖ ಸಣ್ಣಗಾಯಿತು. “ಇನ್ನೂ ತಲೆ ಸೇರ್ಸಿಲ್ಲ ಅಜ್ಜಿ. ಸೇರ್ಸಿದ್ರೆ ಬಾಗಿಲಿಗೆ ಹೊಡೆಯುತ್ತೆ. ಅಪ್ಪ ಯಾವತ್ತೂ ಹೊಡ್ಕೊಳ್ತಿರ್ಲಿಲ್ಲ, ಅಲ್ವಾ?” ದರ್ಜಿ ತಪ್ಪು ಬರೆದುಕೊಂಡಿರಬೇಕು ಎಂದೆ. ನನ್ನ ಬುದ್ಧಿ ಅಷ್ಟೇ ಓಡಿದ್ದು.

ಮಾರನೆಯ ಬೆಳಿಗ್ಗೆ ಶಾಲೆಗೆ ಹೊರಡಲು ಶರ್ಟು ಹಾಕಿಕೊಂಡು ಸ್ಕರ್ಟಿನೊಳಗೆ ಸಿಕ್ಕಿಸಿಕೊಳ್ಳುತ್ತಿದ್ದವಳು ಹಾಗೇ ನಿಂತಳು. “ಅಜ್ಜೀ! ಶರ್ಟು ಒಳಗೆ ಹೋಗುತ್ತೆ! ಒಳಗೆ ಹೋಗಿರೋದನ್ನ ಎರಡು ಸಲ ಎಣಿಸ್ಬಿಟ್ಟಿದೀವಿ!”

ಯಾರೂ ಹೇಳಿಕೊಟ್ಟದ್ದಲ್ಲ. ನಾನಂತೂ ಅಲ್ಲ.

ಅವತ್ತು ಶಾಲೆ ಬಿಟ್ಟ ಕೂಡಲೇ ಮತ್ತೆ ಶಿವಾಜಿನಗರ. ಇನಾಯತ್ ಉಲ್ಲಾ ಯಾರದೋ ಹೊಲಿದಿಟ್ಟ ಶರ್ಟು ಪ್ಯಾಂಟನ್ನು ಕತ್ತರಿಸುವ ಮೇಜಿನ ಮೇಲೆ ಮನುಷ್ಯ ಮಲಗಿದ ಹಾಗೆ ಜೋಡಿಸಿ, ಶರ್ಟನ್ನು ಒಳಗೆ ಸಿಕ್ಕಿಸಿ ತೋರಿಸಿದರು. ಹನ್ನೆರಡು ಇಂಚು ಒಳಗೆ ಹೋಯಿತು. ಅಷ್ಟನ್ನು ನೀಲಿ ದಾರದಿಂದ ಪದ್ಮಶ್ರೀ ತಾನೇ ಅಳೆದು ಕತ್ತರಿಸಿದಳು. ಆಮೇಲೆ ತಲೆ ಎಲ್ಲಿ ಎಂದು ಕೇಳಿದಳು.

“ದರ್ಜಿ ಬುಕ್ಕಲ್ಲಿ ತಲೆ ಇರಲ್ಲ ಬೇಟಾ. ತಲೆಗೆ ನಾವು ಹೊಲಿಯಲ್ಲ” ಎಂದು ನಕ್ಕರು. “ಬೇಕಾದ್ರೆ ನಂದು ತಗೋ.”

ಅವರ ತಲೆಯನ್ನು ಸರಿಯಾಗಿ ನೋಡಿದಳು. “ನಿಮ್ದು ಬೇಡ ತಾತ, ತುಂಬಾ ದಪ್ಪ ಇದೆ. ಅಪ್ಪಂದು ಅಜ್ಜಿ ಮುಖ ಅಂತ ಎಲ್ರೂ ಹೇಳ್ತಾರೆ. ಅಜ್ಜೀದು ಹಾಕೋಣ.”

ಅವರು ಸ್ಟೂಲು ಎಳೆದು, “ಕೂತ್ಕೊಳಿ ಅಮ್ಮಾ, ಇವತ್ತು ನಿಮ್ದೇ ಅಳತೆ” ಎಂದರು. ಕೂತೆ. ನನ್ನ ಕುತ್ತಿಗೆಯ ಬುಡದಿಂದ ನೆತ್ತಿಯವರೆಗೆ ಮಗು ದಾರ ಹಿಡಿದಳು. ಅಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿದ್ದೆ. ನನ್ನ ತಲೆಯನ್ನು ನನ್ನ ಮಗನಿಗೆ ಕೊಟ್ಟು ಮನೆಗೆ ಬಂದೆ.

ಇವತ್ತು ಶಾಲೆಯ ಕೊನೆಯ ದಿನ. ಮಕ್ಕಳ ಮನೆಯವರು ನಾವೆಲ್ಲ ತರಗತಿಯ ಹಿಂಬದಿಯ ಗೋಡೆಗೆ ಒರಗಿ ನಿಂತಿದ್ದೆವು. ಅವಳ ಸರದಿ ಬಂದಾಗ ಕೋಲು ಹಿಡಿದು ಎದ್ದಳು. ನಾಲ್ಕು ದಾರ, ನೀಲಿ ಎಲ್ಲಕ್ಕಿಂತ ಉದ್ದ. ನಿಂತಳು, ನಿಂತೇ ಇದ್ದಳು. ಅಕ್ಕಿ ಡಬ್ಬದ ಕೆಳಗಿದ್ದ ಕಾಗದ ಪರ್ಸಿನಲ್ಲೇ ಇತ್ತು. ಮಿಸ್ಸು ಮೆಲ್ಲಗೆ, ನೀಲಿ ಯಾರದು ಎಂದು ಕೇಳಿದರು. ಇವಳು ಬಾಯಿ ತೆರೆಯುವ ಮೊದಲೇ ಪಕ್ಕದ ರುಕ್ಸಾರ್ ಎಂಬ ಹುಡುಗಿ, “ಇವ್ರಪ್ಪ ಇಲ್ಲ ಮಿಸ್” ಎಂದುಬಿಟ್ಟಳು. ಕೆಟ್ಟ ಮನಸ್ಸಿನಿಂದಲ್ಲ, ಮಕ್ಕಳ ಬಾಯಿ.

ಪದ್ಮಶ್ರೀ ಅವಳ ಕಡೆ ತಿರುಗಿ ಹೇಳಿದಳು: “ಅಪ್ಪ ಇಲ್ಲ. ಅಳತೆ ಇದೆ.”

ಆಮೇಲೆ ನಿಲ್ಲಲಿಲ್ಲ ನೋಡು. ದರ್ಜಿಯ ಬುಕ್ಕು, ಶರ್ಟು, ಪ್ಯಾಂಟು, ಎರಡು ಸಲ ಎಣಿಸಿದ ತಪ್ಪು, ಅದನ್ನು ಕಳೆದದ್ದು, ಎಲ್ಲ ಹೇಳಿದಳು. ಕಳೆಯದಿದ್ದರೆ ಅಪ್ಪ ಬಾಗಿಲಿಗೆ ತಲೆ ಹೊಡೆದುಕೊಳ್ಳುತ್ತಿದ್ದರು ಎಂದಾಗ ತರಗತಿಯೇ ನಕ್ಕಿತು. ಅವಳೂ ನಕ್ಕಳು. “ತಲೆ ಮಾತ್ರ ನಮ್ಮಜ್ಜೀದು” ಎಂದು ಕೈ ತೋರಿಸಿದಾಗ ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನನ್ನ ಮದುವೆಯ ದಿನವೂ ಅಷ್ಟು ಜನ ನನ್ನನ್ನು ಹಾಗೆ ನೋಡಿರಲಿಲ್ಲ.

ಹೊರಡುವಾಗ ಶಕೀಲಾ ಮಿಸ್ಸು ನನ್ನ ಎರಡೂ ಕೈ ಹಿಡಿದುಕೊಂಡು, “ಆ ಕಾಗದ ಹರಿದಾಕ್ಬಿಡಿ ಅಮ್ಮಾ. ಜೂನಲ್ಲಿ ಮೂರನೇ ಕ್ಲಾಸಿಗೆ ಕಳ್ಸಿ” ಎಂದರು. ನಾನು ಹರಿಯಲಿಲ್ಲ. ಈ ಕೊನೆಯ ಹಾಳೆಯನ್ನು ತಿರುಗಿಸಿ ನೋಡು, ಅದೇ. ನಿನ್ನ ಸಹಿಯ ಜಾಗ ಖಾಲಿ ಇದೆ. ಖಾಲಿಯಾಗಿಯೇ ಇರಲಿ.

ನಿನ್ನಿಂದ ಮುಚ್ಚಿಟ್ಟದ್ದಕ್ಕೆ ಕೋಪ ಬಂದರೆ ಮೇ ತಿಂಗಳಲ್ಲಿ ಬಂದು ಬೈದುಬಿಡು, ಕೇಳಿಸಿಕೊಳ್ಳುತ್ತೇನೆ. ಹೊಸ ಕೆಲಸವನ್ನು ಒಬ್ಬಳೇ ಕಲಿಯುತ್ತಿದ್ದೀಯ. ನಿನ್ನ ಮಗಳು ಯಾರ ಮಗಳು ಎಂದು ನನಗೆ ಗೊತ್ತು. ಮಧ್ಯಾಹ್ನದ ಊಟ ಬಿಡಬೇಡ.

ನಿನ್ನ ಅತ್ತೆ
ರಾಮಲಕ್ಷ್ಮಮ್ಮ

ಇನ್ನೂ ಒಂದು ಮಾತು: ಅವನ ಎತ್ತರ ಗೊತ್ತಿಲ್ಲ ಎಂದು ಮಗುವಿಗೆ ಹೇಳಿದ್ದು ಸುಳ್ಳು. ಅವನು ಪೊಲೀಸ್ ಕೆಲಸಕ್ಕೆಂದು ಹೋಗಿದ್ದಾಗ ಅಳೆದು ಕೊಟ್ಟ ಚೀಟಿ ನನ್ನ ಟ್ರಂಕಿನಲ್ಲೇ ಇತ್ತು. ಒಂದೂವರೆ ವರ್ಷದಿಂದ ಅದರ ಬೀಗ ತೆಗೆಯಲು ಧೈರ್ಯ ಬಂದಿರಲಿಲ್ಲ. ಇವತ್ತು ಶಾಲೆಯಿಂದ ಬಂದು ತೆಗೆದೆ. ನೂರ ಎಪ್ಪತ್ಮೂರು ಸೆಂಟಿಮೀಟರ್ ಎಂದಿದೆ. ನೀಲಿ ದಾರಕ್ಕೆ ಟೇಪು ಹಿಡಿದು ನೋಡಿದೆ, ಒಂದು ಬೆರಳಷ್ಟು ಕಡಿಮೆ. ಮಗುವಿನ ಲೆಕ್ಕ ತಪ್ಪಿಲ್ಲ. ಆ ಒಂದು ಬೆರಳು ಬಗ್ಗಿಹೋದ ನನ್ನ ಕತ್ತಿನದು. ಅವಳಿಗೆ ಹೇಳಬೇಡ.