ಬಾಬಾ ಕೇಳಿದ ಚಿಕ್ಕ ಕತ್ತಿ

ನವೆಂಬರ್ 3, ಭಾನುವಾರ

ಕತ್ತಿಗಳಿಗೆ ಎಣ್ಣೆ ಹಚ್ಚುವ ದಿನ. ಲವಂಗದ ಎಣ್ಣೆ. ರೂಮಿನ ತುಂಬ ಹಲ್ಲುನೋವಿನ ಮದ್ದಿನ ವಾಸನೆ. ಬಾಬಾ ವೀಲ್‌ಚೇರಿನಲ್ಲಿ ಕೂತು ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಮೊದಲು ಕತ್ತಿಗೆ ತಲೆಬಾಗಬೇಕು. ಆಮೇಲೆ ಬಾಯಲ್ಲಿ ಕಾಗದ ಕಚ್ಚಿಕೊಳ್ಳಬೇಕು — ಉಸಿರು ತಾಗಿದರೆ ತುಕ್ಕು ಹಿಡಿಯುತ್ತದಂತೆ. ನನಗೆ ನಗು ಬರುತ್ತದೆ. ಬಾಬಾ ನಗುವುದಿಲ್ಲ.

ಬಾಬಾ ಪ್ರಾಯದಲ್ಲಿ ಓದಲು ಜಪಾನಿಗೆ ಹೋದವರು. ಅಲ್ಲೊಬ್ಬ ಗುರುವಿನ ಹತ್ತಿರ ಕತ್ತಿವರಸೆ ಕಲಿತರು. ಗುರುವಿನ ಮುತ್ತಜ್ಜ ಸಮುರಾಯ್. ಈ ಜೋಡಿ ಕತ್ತಿ ಆ ಮನೆಯದು. ಉದ್ದದ್ದು ಹೊರಗೆ ಹೋಗುವಾಗ, ಚಿಕ್ಕದು ಮನೆಯೊಳಗೂ ಸೊಂಟದಲ್ಲೇ. ಬೇರೆಯವರ ಮನೆಗೆ ಹೋದರೆ ಉದ್ದ ಕತ್ತಿಯನ್ನು ಬಲಗಡೆ ಇಟ್ಟು ಕೂರಬೇಕಂತೆ. ಬಲಗಡೆ ಇಟ್ಟರೆ ಥಟ್ಟನೆ ಎಳೆಯಲು ಬರುವುದಿಲ್ಲ — ನಿಮ್ಮ ಮೇಲೆ ಹಗೆಯಿಲ್ಲ ಎಂದು ಅರ್ಥ. ಹೇಳುವಾಗ ಬಾಬಾರ ಮುಖ ಹುಡುಗನ ಮುಖ. ಅರಬರಾದರೂ ಮುಂಬಯಿ ಕಡೆಯ ಹಿಂದಿ ಬಲ್ಲವರು, ಹಾಗಾಗಿ ಎಲ್ಲ ಅರ್ಥವಾಗುತ್ತದೆ.

ಈಗ ಪಾರ್ಕಿನ್ಸನ್. ಚಹಾ ಕೂಡ ನಾನೇ ಕುಡಿಸಬೇಕು. ಅವರನ್ನು ನೋಡಿಕೊಳ್ಳಲೆಂದೇ ಊರು ಬಿಟ್ಟು ಗಲ್ಫಿಗೆ, ಸಲ್ವಾದ ಈ ಮನೆಗೆ ಬಂದವಳು ನಾನು.

ಮುಗಿದ ಮೇಲೆ ಅಂದರು, ಚಿಕ್ಕದನ್ನು ಸ್ಟ್ಯಾಂಡಿನಲ್ಲಿ ಇಡಬೇಡ, ನನ್ನ ಮಂಚದ ಪಕ್ಕ ಇಡು. ಇಟ್ಟೆ. ಯಾಕೆ ಅಂತ ಕೇಳಲಿಲ್ಲ. ಕೇಳಬೇಕಿತ್ತೋ ಏನೋ...

ನವೆಂಬರ್ 5, ಮಂಗಳವಾರ. ಮಧ್ಯಾಹ್ನ

ಹೆದರಿಕೆ ಇನ್ನೂ ಹೋಗಿಲ್ಲ. ಬರೆದರೆ ಕಡಿಮೆಯಾದೀತು.

ಬೆಳಗ್ಗೆ ಬಾಬಾ ಹೊತ್ತಲ್ಲದ ಹೊತ್ತಿಗೆ ಸ್ನಾನ ಬೇಕು ಅಂದರು. ಮಾಡಿಸಿದೆ. ಹೊಸ ಚಾಪೆ ಹಾಸಿ ಕೆಳಗೆ ಕೂರಿಸು ಅಂದರು. ನಮಾಜಿಗೆ ಇರಬೇಕು ಅಂದುಕೊಂಡೆ. ಸೂಪ್ ತರುವಷ್ಟರಲ್ಲಿ ಚಿಕ್ಕ ಕತ್ತಿ ಅವರ ಮಡಿಲಲ್ಲಿ. ಒರೆಯಿಂದ ಎಳೆಯಲು ನೋಡುತ್ತಿದ್ದಾರೆ, ಬೆರಳು ನಿಲ್ಲುತ್ತಿಲ್ಲ.

"ಇದನ್ನು ಎಳೆದು ಕೊಟ್ಟು ಹೊರಗೆ ಹೋಗು, ವಾರಿಜಾ."

ದಿನವೂ ಚಹಾ ಕೇಳುವ ಅದೇ ದನಿ. ಆಗ ತಿಳಿಯಿತು, ಸ್ನಾನ, ಹೊಸ ಚಾಪೆ ಎಲ್ಲ ಯಾಕೆಂದು. ಸೂಪ್ ಎಲ್ಲಿಟ್ಟೆನೋ ನೆನಪಿಲ್ಲ. ಕತ್ತಿ ಕಿತ್ತುಕೊಂಡೆ. ಕಿತ್ತುಕೊಳ್ಳುವುದೇನು, ಹಿಡಿದುಕೊಳ್ಳುವ ಶಕ್ತಿಯೇ ಅವರಲ್ಲಿ ಇರಲಿಲ್ಲ.

ಬಾಬಾ ಅತ್ತರು. ಜೀವ ಕಳೆದುಕೊಳ್ಳುವುದು ಹರಾಮ್, ಪಾಪ ಎಂದು ಗೊತ್ತು, ಆದರೂ ಸಾಕಾಗಿದೆ ಅಂದರು. ಮೈ ತೊಳೆಯಲೂ ಇನ್ನೊಬ್ಬರು ಬೇಕು, ಇದೆಂಥ ಬದುಕು? ಸಮುರಾಯ್ ಆಗಿದ್ದರೆ ಇಷ್ಟು ದಿನ ಕಾಯುತ್ತಿರಲಿಲ್ಲ ಅಂದರು. ಆಮೇಲೆ ಒಂದೇ ಮಾತು — ಮಿಶಾರಿಗೆ ಹೇಳಬೇಡ. ಮಿಶಾರಿ ಒಬ್ಬನೇ ಮಗ, ಬೇರೆ ಮನೆಯಲ್ಲಿದ್ದಾನೆ.

ಹೇಳುವುದಿಲ್ಲ, ಆದರೆ ಕತ್ತಿ ನನ್ನ ಹತ್ತಿರ ಇರುತ್ತದೆ ಅಂದೆ. ಹಳೇ ಸೀರೆಯಲ್ಲಿ ಸುತ್ತಿ ನನ್ನ ಮಂಚದಡಿ ಇಟ್ಟಿದ್ದೇನೆ. ಉದ್ದದ್ದು ಸ್ಟ್ಯಾಂಡಿನಲ್ಲೇ ಇದೆ. ಅದನ್ನು ಎತ್ತಲು ಅವರಿಂದಾಗದು. ಆಗದು ತಾನೇ?

ನವೆಂಬರ್ 6, ಬುಧವಾರ

ರೂಮುಗಳ ನಡುವಿನ ಓಣಿಯಲ್ಲಿ ಕ್ಯಾಮೆರಾ ಇದೆ! ಮಿಶಾರಿಯ ಫೋನಿನಲ್ಲಿ ಕಾಣುತ್ತದೆ. ಗಂಟು ಹಿಡಿದು ನಾನು ಹೋದದ್ದು ಅದರಲ್ಲಿ ಇರಲೇಬೇಕು.

ಅಡುಗೆಯ ಐಸಮ್ಮನಿಗೆ ಮಾತ್ರ ಹೇಳಿದೆ. ಉಳ್ಳಾಲದವಳು, ನನಗಿಂತ ಮೊದಲಿಂದ ಇಲ್ಲಿದ್ದಾಳೆ. ಅವಳು ಈರುಳ್ಳಿ ಕೊಯ್ಯುವುದನ್ನು ನಿಲ್ಲಿಸಿ, "ಎಂತ ಮಾರಾಯ್ತಿ ನೀನು? ಮಗನಿಗೆ ಹೇಳಿಬಿಡು. ಅದು ನಿನ್ನ ಮಂಚದಡಿ ಸಿಕ್ಕಿದ್ರೆ ನಿನ್ನ ಮಾತು ಯಾರು ಕೇಳ್ತಾರೆ?" ಅಂದಳು.

ಸರಿಯೇ. ಆದರೆ ಮಾತು ಕೊಟ್ಟಾಗಿದೆ.

ನವೆಂಬರ್ 8, ಶುಕ್ರವಾರ

ಎರಡು ದಿನ ಮೌನವಾಗಿದ್ದ ಬಾಬಾ ಇಂದು ಮಾತಾಡಿದರು. ನಾನೇ ಕೆದಕಿದೆ. ಈಗ ಆ ಸಮುರಾಯ್‌ಗಳೆಲ್ಲ ಎಲ್ಲಿ ಅಂತ. ಸರ್ಕಾರ ಕತ್ತಿ ಕಟ್ಟಬಾರದೆಂದು ಕಾನೂನು ಮಾಡಿತು, ಖಲಾಸ್ ಅಂದರು. ಆಮೇಲೆ ಅವರು ಏನು ಮಾಡಿದರು? ಕೆಲವರು ಮೇಷ್ಟ್ರಾದರು. ಕೆಲವರು ಪೊಲೀಸರು. ಕೆಲವರು ಗುಡ್ಡ ಕಡಿದು ಚಹಾ ಬೆಳೆಸಿದರು. ಅದಕ್ಕೂ ಮೊದಲೇ ಬಡ ಸಮುರಾಯ್‌ಗಳು ಮನೆಯಲ್ಲಿ ಕೊಡೆ ಮಾಡುತ್ತಿದ್ದರಂತೆ.

"ಹಾಗಾದರೆ ಬದುಕಿದರಲ್ಲ ಬಾಬಾ."

"ಹೆಚ್ಚಿನವರು ಬದುಕಿದರು" ಅಂದರು.

ಊಟ ಪೂರ್ತಿ ಮಾಡಿದರು. ನನಗೇ ಊಟ ಸೇರಲಿಲ್ಲ.

ನವೆಂಬರ್ 14, ಗುರುವಾರ. ಸಂಜೆ

ಆಗಬಾರದ್ದು ಆಯಿತು. ಮಿಶಾರಿ ಜಹ್ರಾ ಊರಿನ ಸ್ನೇಹಿತನೊಬ್ಬನನ್ನು ಕರೆತಂದಿದ್ದ, ಜೋಡಿ ಕತ್ತಿ ತೋರಿಸಲು. ಸ್ಟ್ಯಾಂಡಿನಲ್ಲಿ ಒಂದೇ. ಬಾಬಾ ಮದ್ದಿನ ನಿದ್ದೆಯಲ್ಲಿದ್ದರು. ನನ್ನನ್ನು ಕೇಳಿದ. ಜೋಪಾನವಾಗಿದೆ ಅಂದೆ. ಎಲ್ಲಿ? ಯಾಕೆ ತೆಗೆದೆ? ಬಾಬಾರಿಗೆ ಕೊಟ್ಟ ಮಾತು ನೆನಪಾಯಿತು.

ಸ್ನೇಹಿತನನ್ನು ಕಳಿಸಿದ. ಫೋನ್ ಉಜ್ಜುತ್ತ ಉಜ್ಜುತ್ತ ಕ್ಯಾಮೆರಾದ ಹಳೇ ದಿನಗಳಿಗೆ ಹೋದ. ಕೊನೆಗೆ ನನ್ನ ಕಡೆ ತಿರುಗಿಸಿದ — ಸೀರೆಯ ಗಂಟು ಎದೆಗೆ ಒತ್ತಿಕೊಂಡು ಕಳ್ಳಿಯ ಹಾಗೆ ನಡೆಯುತ್ತಿದ್ದೇನೆ. ತಾನೇ ನನ್ನ ರೂಮಿಗೆ ಹೋಗಿ ಮಂಚದಡಿಯಿಂದ ಎಳೆದ. ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

"ಅಪ್ಪ ನಿನ್ನನ್ನು ಮಗಳು ಅಂತಾರೆ. ನಾಳೆ ಬರ್ತೇನೆ. ಕಾರಣ ನನಗೆ ಹೇಳು. ಇಲ್ಲಾಂದ್ರೆ ಪೊಲೀಸರಿಗೆ ಹೇಳು."

ಕತ್ತಿ ಒಯ್ದ. ಅದೊಂದೇ ಸಮಾಧಾನ. ಊರಲ್ಲಿ ಮಗಳು ತೃಪ್ತಿ... ಅಮ್ಮ ಕದ್ದು ಜೈಲಿಗೆ ಹೋದಳು ಅಂತ ಅವಳಿಗೆ ಯಾರು ಹೇಳುವುದು? ಹೇಳಿದರೆ ಬಾಬಾರ ಮರ್ಯಾದೆ ಹೋಯಿತು. ಹೇಳದಿದ್ದರೆ ನನ್ನದು.

ನವೆಂಬರ್ 15, ಶುಕ್ರವಾರ

ನಿದ್ದೆಯಿಲ್ಲ. ಬೆಳಗ್ಗೆ ಬಾಬಾರ ಗಡ್ಡ ಒರೆಸುತ್ತ ಎಲ್ಲ ಹೇಳಿಬಿಟ್ಟೆ. ಮಿಶಾರಿ ಕೇಳಿದರೆ ನಿಜ ಹೇಳುತ್ತೇನೆ, ಕ್ಷಮಿಸಿ, ನನಗೂ ಮಗಳಿದ್ದಾಳೆ ಅಂದೆ. ಬಾಬಾ ದೀವಾನಿಯಾಗೆ ತಳ್ಳು ಅಂದರು — ಗಂಡಸರು ಕೂರುವ ಎದುರಿನ ಹಾಲಿಗೆ. ತಲೆಗೆ ಬಟ್ಟೆ ಕಟ್ಟಿಸಿಕೊಂಡರು. ಎರಡು ಸಲ ಬಿಚ್ಚಿ ಕಟ್ಟಿಸಿದರು.

ಮಿಶಾರಿ ಬಂದ. ನಾನು ಬಾಗಿಲ ಹತ್ತಿರ. ಹೊರಗೆ ಹೋಗಲು ಬಾಬಾ ಬಿಡಲಿಲ್ಲ. ನನಗೂ ತಿಳಿಯಲೆಂದು ಹಿಂದಿಯಲ್ಲೇ ಹೇಳಿದರು.

"ನಾನು ಸಾಯಲು ಕತ್ತಿ ಕೇಳಿದೆ. ಇವಳು ಕೊಡಲಿಲ್ಲ. ನಿನಗೆ ಹೇಳಬೇಡ ಎಂದವನೂ ನಾನೇ."

ಮಿಶಾರಿ ಅರಬಿಯಲ್ಲಿ ಏನೋ ಕೇಳಿದ, ಸಣ್ಣ ದನಿಯಲ್ಲಿ. ಬಾಬಾ ಹೌದೆಂದು ತಲೆ ಆಡಿಸಿದರು. ಅಷ್ಟು ದೊಡ್ಡ ಗಂಡಸು ಕೆಳಗೆ ಕೂತು ಅಪ್ಪನ ಮೊಣಕಾಲಿಗೆ ಹಣೆ ಒತ್ತಿದ. ಬಾಬಾ ಅವನ ತಲೆ ಮೇಲೆ ಕೈ ಇಟ್ಟರು. ನಾನು ಅಡುಗೆಮನೆಗೆ ಬಂದೆ. ಐಸಮ್ಮ ನೀರು ಕೊಟ್ಟಳು.

ಹೋಗುವಾಗ ಮಿಶಾರಿ ನನ್ನೆದುರು ನಿಂತ. ತಪ್ಪಾಯ್ತು ಅಂದ. ಇನ್ನು ಇಂಥದ್ದು ಮುಚ್ಚಿಡಬೇಡ ಅಂತಲೂ ಅಂದ. ಅದೂ ಸರಿ.

ನವೆಂಬರ್ 18, ಸೋಮವಾರ

ಮನಸ್ಸಿನ ಡಾಕ್ಟರು ಬಂದು ಹೋದರು. ಹೊಸ ಮಾತ್ರೆ. ಎರಡೂ ಕತ್ತಿ ಈಗ ಮಿಶಾರಿಯ ಮನೆಯಲ್ಲಿ. ಅವನು ಮೂರು ದಿನದಿಂದ ಇಲ್ಲೇ ಮಲಗುತ್ತಿದ್ದಾನೆ. ಅಪ್ಪನಿಗೆ ತಿನ್ನಿಸಲು ಹೋಗಿ ಅರ್ಧ ಚೆಲ್ಲುತ್ತಾನೆ. ಬಾಬಾ ಬೈಯುತ್ತಾರೆ. ಬೈಯುವುದು ಕೇಳಿದರೆ ನನಗೆ ಧೈರ್ಯ.

ಸುಮ್ಮನಿದ್ದರೆ ಭಯ. ಬಚ್ಚಲಲ್ಲಿ ಕುರ್ಚಿಯಲ್ಲಿ ಕೂತು ತಾನೇ ನೀರು ಹೊಯ್ದುಕೊಳ್ಳುತ್ತೇನೆ ಎಂದು ಇಂದು ಹಟ ಹಿಡಿದರು. ಮಿಶಾರಿ ಒಪ್ಪಿದ. ಚಿಲಕ ಕಳಚಿ ಹಾಕಿದ್ದಾನೆ. ನಾನು ಹೊರಗೆ ಸ್ಟೂಲಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಕಿವಿ ಎಲ್ಲ ಒಳಗೇ.

ನೀರಿನ ಸದ್ದು ನಿಂತಿತು.

ಬಾಬಾ ಅಂತ ಕರೆದೆ. ಮತ್ತೆ ಕರೆದೆ.

"ಇದ್ದೇನೆ" ಅಂದರು. "ಬೆನ್ನಿಗೆ ಕೈ ಎಟುಕುವುದಿಲ್ಲ. ಒಳಗೆ ಬಂದು ಸ್ವಲ್ಪ ಉಜ್ಜು."