ಸೋಲಲೆಂದು ಕಟ್ಟಿದ ಎಂಜಿನ್

ತ್ರೆಸ್ ಅರೋಯೋಸ್,
ಗುರುವಾರ, 17 ನವೆಂಬರ್ 1994

ಪ್ರೀತಿಯ ಓಸ್ಮಾರಣ್ಣನಿಗೆ,

ಫೋನ್ ಮಾಡಿದರೆ ನನ್ನ ದನಿ ಕೇಳಿದೊಡನೆ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಸಂಜೆ ಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ ನಾಳೆ ಬೆಳಗ್ಗೆ ಅರೆಸಿಫೆಸ್‌ನಲ್ಲಿರುವ ನಿನ್ನ ಗ್ಯಾರೇಜಿಗೆ ಮುಟ್ಟುತ್ತದೆ. ಅರ್ಧಕ್ಕೇ ಹರಿದು ಎಸೆಯಬೇಡ. ನಿನ್ನ ಕಾಲಿಗೆ ಬೀಳುತ್ತೇನೆ, ಕೊನೆವರೆಗೂ ಓದು.

ಭಾನುವಾರ ಬಾಲ್ಕಾರ್ಸೆಯ ರೇಸಿನಲ್ಲಿ ನನ್ನ ಎಲ್ವಿಯೋ ಸಾಯುತ್ತಾನೆ. ಗಂಡನ ಬಗ್ಗೆ ಸುಮ್ಮನೆ ಹೆದರುತ್ತಿದ್ದಾಳೆ ಅಂದುಕೊಳ್ಳಬೇಡ. ನಿನ್ನ ಹಾಗೇ ನಾನೂ ಅಪ್ಪನ ಗ್ಯಾರೇಜಿನಲ್ಲಿ ಎಂಜಿನ್ನಿನ ಸದ್ದು ಕೇಳುತ್ತಲೇ ಬೆಳೆದವಳು. ರೇಸಿನವನನ್ನು ಕಟ್ಟಿಕೊಂಡ ಮೇಲೆ ಸಣ್ಣಪುಟ್ಟದಕ್ಕೆ ಹೆದರುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು.

ಈ ವರ್ಷ ಹೊಸ ನಿಯಮ ಬಂದಾಗ ನೀನು ಬಿದ್ದು ಬಿದ್ದು ನಕ್ಕಿದ್ದೆ. ಗೆದ್ದ ಕಂಪನಿಯ ಕಾರುಗಳಿಗೆಲ್ಲ ತೂಕ ಹೇರುತ್ತಾರೆ, ಸೋತ ಕಂಪನಿಯ ಕಾರುಗಳಿಂದ ಇಳಿಸುತ್ತಾರೆ. ನಮ್ಮ ಟೊರಾಲ್ ಕಾರುಗಳೂ ಅವರ ಬ್ರಾಂಟ್ ಕಾರುಗಳೂ ಸಮಸಮ ಓಡಲಿ ಎಂಬುದು ರೇಸ್ ಸಮಿತಿಯವರ ಆಸೆ. ಆದದ್ದೇನು? ಗೆಲ್ಲಲು ಕಚ್ಚಾಡುತ್ತಿದ್ದವರು ಸೋಲಲು ಕಚ್ಚಾಡತೊಡಗಿದರು. ಬ್ರಾಂಟ್‌ನವರು ಮೊದಲು ಬೇಕೆಂದೇ ಕುಂಟಿದರು, ತೂಕ ಇಳಿಸಿಕೊಂಡರು, ಆಮೇಲೆ ಸಾಲಾಗಿ ಗೆದ್ದರು. ಅದನ್ನು ನೋಡಿ ಟೊರಾಲ್ ಎಂಜಿನ್ ಕಟ್ಟುವ ನೀವೆಲ್ಲ ಒಂದು ಕಡೆ ಕೂತು ಮಾತಾಡಿಕೊಂಡಿರಿ. ನೀನು ಎಲ್ವಿಯೋನ ಎಂಜಿನ್ನಿನಲ್ಲಿ ಕಾರ್ಬುರೇಟರಿನ ಕೆಳಗೆ ಒಂದು ತೆಳು ಬಳೆ ಕೂರಿಸಿ, ಗಾಳಿ ಸಾಲದಂತೆ ಅದರ ಉಸಿರು ಕಟ್ಟಿಸಿದೆ.

ನೇರ ದಾರಿಯಲ್ಲಿ ಅದು ಏದುಸಿರು ಬಿಡುವುದು ಕೇಳಿದೊಡನೆ ನನಗೆ ಗೊತ್ತಾಯಿತು. ವಿಚಾರಿಸಿದರೆ ನೀನೇ ಒಪ್ಪಿಕೊಂಡೆ. "ಸುಮ್ನಿರು ನೆಲಿ, ಒಂದೆರಡು ರೇಸ್ ಸೋಲ್ಲಿ, ತೂಕ ಇಳಿಸ್ತಾರೆ. ಆಮೇಲ್ ನೋಡು ನಿನ್ ಗಂಡನ್ನ! ಅವನಿಗ್ ಮಾತ್ರ ಹೇಳ್ಬೇಡ. ರೇಡಿಯೋದವ್ರು ಮೈಕ್ ಹಿಡಿದ್ರೆ ಸಾಕು, ಹೊಟ್ಟೇಲಿರೋದೆಲ್ಲ ಕಕ್ಕಿಬಿಡ್ತಾನೆ" ಎಂದೆ. ನಾನೂ ನಕ್ಕು ಸುಮ್ಮನಾದೆ.

ಎಲ್ವಿಯೋ ಏನು ಅಂದುಕೊಂಡ ಗೊತ್ತೇ? ಎಂಜಿನ್ ನೀನು ಕಟ್ಟಿದ್ದು, ಅದರಲ್ಲಿ ತಪ್ಪಿರಲು ಸಾಧ್ಯವೇ ಇಲ್ಲ. ಹಾಗಾದರೆ ತಪ್ಪು ತನ್ನದೇ. "ವಯಸ್ಸಾಯ್ತು ಕಣೇ, ಭಯ ಹೊಕ್ಕಿದೆ. ನಂಗೇ ಗೊತ್ತಿಲ್ದೆ ಕಾಲು ಬ್ರೇಕ್ ಮೇಲೆ ಹೋಗ್ತಿದೆ" ಅಂದ. ಅಂದಿನಿಂದ ಪ್ರತಿ ತಿರುವಿನಲ್ಲೂ ಬ್ರೇಕ್ ಒತ್ತುವುದನ್ನು ತಡ ಮಾಡುತ್ತಲೇ ಬಂದಿದ್ದಾನೆ. ನೀನು ಎಂಜಿನ್ನಿನಿಂದ ಕಿತ್ತುಕೊಂಡ ವೇಗವನ್ನು ಅವನು ಪ್ರಾಣ ಒತ್ತೆಯಿಟ್ಟು ತುಂಬಿಸುತ್ತಿದ್ದಾನೆ.

ಹೋದ ರೇಸಿನಲ್ಲಿ ಹಾಗೆಯೇ ಎರಡನೆಯವನಾಗಿ ಬಂದ. ಆ ದರಿದ್ರ ಎಂಜಿನ್ ಇಟ್ಟುಕೊಂಡು! ಕಾರಿನಿಂದ ಇಳಿದಾಗ ಮುಖ ಮಗುವಿನ ಹಾಗೆ ಅರಳಿತ್ತು. ನಿಮ್ಮಲ್ಲಿ ಒಬ್ಬರೂ ಅಪ್ಪಿಕೊಳ್ಳಲಿಲ್ಲ. ಎಲ್ಲರೂ ಸರದಿಯಲ್ಲಿ ಹೀರುವ ಮಾಟೆ ಕಷಾಯದ ಸೋರೆಬುರುಡೆ ಕೈಯಿಂದ ಕೈಗೆ ಬರುತ್ತಾ ಅವನನ್ನು ದಾಟಿ ಪಕ್ಕದವನಿಗೆ ಹೋಯಿತು. ಬಿಸಿನೀರು ಸುರಿದು ಕೊಡುತ್ತಿದ್ದವನು ನೀನೇ ಅಣ್ಣ, ನಾನು ನೋಡಿದೆ. ಅವನು ಚಾಚಿದ ಕೈಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ.

ಸೋಮವಾರ ಸಮಿತಿ ತೀರ್ಮಾನಿಸಿತು: ಟೊರಾಲ್ ಚೆನ್ನಾಗಿಯೇ ಓಡುತ್ತಿದೆ, ತೂಕ ಇಳಿಸುವುದಿಲ್ಲ. ಅವನು ಜೀವದ ಹಂಗು ತೊರೆದು ಓಡಿಸಿದ್ದರಿಂದ ನಿಮ್ಮ ಲೆಕ್ಕಾಚಾರವೆಲ್ಲ ಮಣ್ಣುಪಾಲು. "ಹಂಗ್ ಓಡ್ಸು ಅಂತ ಯಾವನ್ ಹೇಳ್ದ ಅವನಿಗೆ? ಈ ಭಾನುವಾರನಾದ್ರೂ ತೆಪ್ಪಗೆ ಹಿಂದೆ ಬಿದ್ದಿರ್ಲಿ" ಎಂದು ನೀನು ನನ್ನ ಮೇಲೆ ಕೂಗಾಡಿದೆ. ಅದೇ ನಮ್ಮ ಕೊನೆಯ ಮಾತು.

ನಿನ್ನೆ ತಡೆಯಲಾರದೆ ಅವನಿಗೆ ಎಲ್ಲ ಹೇಳಿಬಿಟ್ಟೆ. ನಂಬಲಿಲ್ಲ. ನನ್ನ ಕೆನ್ನೆ ಸವರಿ ನಕ್ಕ. "ನನ್ ಸಮಾಧಾನಕ್ಕೆ ಪಾಪ ಭಾವನ ಮೇಲ್ಯಾಕೆ ಗೂಬೆ ಕೂರಿಸ್ತೀಯ? ಎರಡನೇ ಸ್ಥಾನ ಬಂದ್ರೂ ಅವ್ರಿಗ್ ಸಾಲ್ಲಿಲ್ಲ. ಗೆದ್ರೇನೇ ನನ್ನ ನಂಬೋದು" ಅಂದ. ಬಾಲ್ಕಾರ್ಸೆಯಲ್ಲಿ ಗುಡ್ಡ ಇಳಿಯುವ ತಿರುವಿಗೆ ಬ್ರೇಕೇ ಒತ್ತದೆ ನುಗ್ಗುತ್ತಾನಂತೆ. ಊಟದ ಮೇಜಿನ ಮೇಲೆ ಬ್ರೆಡ್ಡಿನ ತುಂಡು ಓಡಿಸಿ ತೋರಿಸಿದ.

ಅಣ್ಣ, ನೀನು ಹೇಳಿದರೆ ನಂಬುತ್ತಾನೆ. ಬಳೆ ತೆಗೆ ಎಂದು ಕೇಳುವುದಿಲ್ಲ. ಹೋದ ರೇಸಿನ ಮೊದಲ ಮೂವರ ಎಂಜಿನ್ನಿಗೆ ಸಮಿತಿ ಸೀಸದ ಮುದ್ರೆ ಹಾಕಿದೆ, ಭಾನುವಾರದ ರೇಸ್ ಮುಗಿಯುವವರೆಗೆ ಮುಟ್ಟುವಂತಿಲ್ಲ ಎಂಬುದು ನನಗೂ ಗೊತ್ತು. ನಾಳೆ ಇದು ಕೈಸೇರಿದೊಡನೆ ಹೊರಟು ಬಂದು ಅವನೆದುರು ಬಾಯಿಬಿಟ್ಟು ಹೇಳು, ಅಷ್ಟೇ. ಬೈದರೆ ಬೈಸಿಕೋ. ಟೊರಾಲ್‌ನವರು ನಿನಗೆ ಕೆಲಸ ಕೊಡದಿದ್ದರೆ ಬೇಡ. ಹೇಗಾದರೂ ಬಾ.

ದಿಕ್ಕು ತೋಚದ ನಿನ್ನ ತಂಗಿ,
ನೆಲಿದಾ

ತಾ.ಕ.: ಸಹಿ ಹಾಕಿದ ಮೇಲೂ ನೀನು ಬರುವೆಯೆಂಬ ನಂಬಿಕೆ ಬರಲಿಲ್ಲ. ಎಲ್ವಿಯೋ ಮಧ್ಯಾಹ್ನದ ನಿದ್ದೆಯಲ್ಲಿದ್ದ. ಶೆಡ್ಡಿಗೆ ಹೋಗಿ ಅಡುಗೆಮನೆಯ ಕತ್ತರಿಯಿಂದ ಮುದ್ರೆಯ ತಂತಿ ಕತ್ತರಿಸಿ ಬಂದೆ. ಇನ್ನು ಭಾನುವಾರ ಆ ಕಾರು ಓಡುವಂತಿಲ್ಲ. ಸಮಿತಿಯವರು ಬಂದು ಎಲ್ಲರೆದುರು ಎಂಜಿನ್ ಬಿಚ್ಚುತ್ತಾರೆ, ಬಳೆ ಹೊರಗೆ ಬರುತ್ತದೆ. ನಿನ್ನ ಹೆಸರು ಹೋಗುತ್ತದೆ. ಮುದ್ರೆ ಒಡೆದದ್ದಕ್ಕೆ ಅವನನ್ನೂ ರೇಸಿನಿಂದ ಹೊರಗಿಡುತ್ತಾರೆ, ಬಹುಶಃ ಶಾಶ್ವತವಾಗಿ. ಅವನು ಇನ್ನು ನನ್ನ ಮುಖ ನೋಡಲಿಕ್ಕಿಲ್ಲ. ಈಗ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ಅದನ್ನು ಕೇಳುತ್ತಾ ಕೂತಿದ್ದೇನೆ.